ಹಳೇ ಕ್ಯಾಸೆಟ್‌ಗಳನ್ನು ಅಂಗಡಿಯಲ್ಲಿ ಬಿಟ್ಟುಬರಬೇಡಿ

ಅಪ್ಪ ಕೂಡಿಟ್ಟಿದ್ದ 64 ಕ್ಯಾಸೆಟ್‌ಗಳನ್ನು ನಾನು ಕಳೆದುಕೊಂಡಿದ್ದೇನೆ. ಕಳ್ಳತನ ಆಗಲಿಲ್ಲ, ಮಳೆಗೆ ನೆನೆಯಲಿಲ್ಲ. ಡಿಜಿಟಲ್ ಮಾಡಿಸೋಣ ಅಂತ ನಾನೇ ಕೈಯಾರೆ ಮೈಸೂರಿನ ಒಂದು ಅಂಗಡಿಗೆ ಕೊಟ್ಟುಬಂದೆ. ನಿಮ್ಮ ಮನೆಯ ಅಟ್ಟದ ಮೇಲೂ ಇಂಥದ್ದೊಂದು ಡಬ್ಬ ಇದ್ದರೆ ದಯವಿಟ್ಟು ಇದನ್ನು ಓದಿ.

ಅಪ್ಪ ರೇಡಿಯೋ ಪಕ್ಕದಲ್ಲೇ ಟೇಪ್ ರೆಕಾರ್ಡರ್ ಇಟ್ಟುಕೊಂಡಿರುತ್ತಿದ್ದರು. ಯಾದವಗಿರಿಯ ಆಕಾಶವಾಣಿಯಿಂದ ಬಂದ ನಾಟಕ, ಸುಗಮ ಸಂಗೀತ, ಕಛೇರಿ ಎಲ್ಲಾ ಹಿಡಿದಿಟ್ಟಿದ್ದರು. ಅವುಗಳ ನಡುವೆ ಒಂದು ಬೇರೆ ಥರದ ಕ್ಯಾಸೆಟ್ ಇತ್ತು. 1987ರಲ್ಲಿ ಮದ್ದೂರಿನ ಹತ್ತಿರ ನಮ್ಮೂರಲ್ಲಿ ಸೋದರತ್ತೆಯ ಮದುವೆ. ಒನಕೆ ಶಾಸ್ತ್ರದ ಹೊತ್ತಿಗೆ ಅಜ್ಜಿ ಸೋಬಾನೆ ಹಾಡಿದ್ದರು. ಅಜ್ಜಿಯ ದನಿ ಬೇರೆಲ್ಲೂ ಇಲ್ಲ.

ಅಂಗಡಿಯವರು "ಎಲ್ಲಾ ಬಿಟ್ಟುಹೋಗಿ ಸಾರ್, ಹತ್ತು ದಿನದಲ್ಲಿ ಕೊಡ್ತೀವಿ" ಅಂದರು. ತಾತನ ಕಾಲದ 11 ಗ್ರಾಮಫೋನ್ ಪ್ಲೇಟುಗಳನ್ನೂ ಸೇರಿಸಿ ಕೊಟ್ಟೆ. ಹತ್ತನೇ ದಿನ ಹೋದಾಗ ಪೆನ್‌ಡ್ರೈವ್ ಕೈಗಿಟ್ಟರು. ಸ್ಕೂಟರ್‌ನಲ್ಲಿ ಹೋಗಿದ್ದೆ, ಡಬ್ಬ ಆಮೇಲೆ ಒಯ್ಯುತ್ತೇನೆ ಅಂದೆ. ಸರಿ ಅಂದರು.

ಪೆನ್‌ಡ್ರೈವ್ ಹಾಕಿ ನೋಡಿದಾಗಲೇ ನನಗೆ ಗೊತ್ತಾಗಬೇಕಿತ್ತು. 64 ಕ್ಯಾಸೆಟ್ ಸೇರಿ 2 ಜಿಬಿ ಕೂಡ ಇರಲಿಲ್ಲ. ಒಂದು ಗಂಟೆಯ ಕ್ಯಾಸೆಟ್ಟನ್ನು ಸಿಡಿ ಗುಣಮಟ್ಟದಲ್ಲಿ ವೇವ್ ಫೈಲ್, ಅಂದರೆ ದನಿಯನ್ನು ಹಿಂಡದೆ ಹಾಗೇ ಇಡುವ ಫೈಲ್, ಮಾಡಿದರೆ ಅದೊಂದೇ 600 ಎಂಬಿ ಆಗುತ್ತದೆ. ಎಲ್ಲಾ ಸೇರಿ 40 ಜಿಬಿ ಹತ್ತಿರ ಬರಬೇಕು. ಇವರು ಹಿಂಡಿ ಹಿಂಡಿ ಸಣ್ಣ ಎಂಪಿ3 ಮಾಡಿದ್ದರು.

ಅಜ್ಜಿಯ ಹಾಡು ಹಾಕಿದೆ. ನೀರೊಳಗಿಂದ ಯಾರೋ ಹಾಡಿದ ಹಾಗಿತ್ತು. ಒನಕೆ ಸದ್ದು ಇಲ್ಲ. ಬಳೆ ಸದ್ದು ಇಲ್ಲ. ಸೊಲ್ಲು ಹಿಡಿಯುತ್ತಿದ್ದ ಹೆಂಗಸರು ಅರ್ಧಂಬರ್ಧ ಕೇಳುತ್ತಾರೆ. ಫೋನ್ ಮಾಡಿದರೆ, "ಗೊರಗೊರ ಅಂತಿತ್ತು ಸಾರ್, ಕ್ಲೀನ್ ಮಾಡಿಕೊಟ್ಟಿದ್ದೀವಿ" ಅಂದರು. ಸದ್ದು ತೆಗೆಯುವ ಸಾಫ್ಟ್‌ವೇರ್‌ಗೆ ಟೇಪಿನ ಸುಯ್ ಅನ್ನುವ ಶಬ್ದ ಯಾವುದು, ಒನಕೆ ಯಾವುದು ಅಂತ ತಿಳಿಯುವುದಿಲ್ಲ. ಅದನ್ನು ಜಾಸ್ತಿ ಹಾಕಿದರೆ ಹಾಡೇ ಸವೆದುಹೋಗುತ್ತದೆ.

ಮತ್ತೆ ಮಾಡಿಸೋಣ ಅಂತ ಮೂರು ವಾರದ ಮೇಲೆ ಹೋದೆ. ಡಬ್ಬ ಇರಲಿಲ್ಲ. ರಸೀದಿಯ ಹಿಂದೆ ಸಣ್ಣಕ್ಷರದಲ್ಲಿ, 15 ದಿನದ ಮೇಲೆ ನಾವು ಜವಾಬ್ದಾರರಲ್ಲ ಅಂತಿತ್ತು. ಕ್ಯಾಸೆಟ್ ಎಲ್ಲಾ ಗುಜರಿಗೆ ಹೋಗಿತ್ತು. ಆ ಗುಜರಿಯನ್ನೂ ಹುಡುಕಿಕೊಂಡು ಹೋದೆ. ಲೋಡ್ ಹಿಂದಿನ ದಿನವೇ ಹೊರಟಿತ್ತು.

ಪ್ಲೇಟುಗಳು ಮಾತ್ರ ವಾಪಸ್ ಬಂದವು, ಹೊಳಪು ಕಳೆದುಕೊಂಡು. ಸ್ಪಿರಿಟ್ ಹಾಕಿ ಒರೆಸಿದ್ದರಂತೆ. ನಿಮಿಷಕ್ಕೆ 78 ಸುತ್ತು ತಿರುಗುವ ಇಂಥ ಹಳೇ ಪ್ಲೇಟು ಸಾಮಾನ್ಯವಾಗಿ ಅರಗಿನದು. ಬಡಗಿಗಳು ಪಾಲಿಶ್‌ಗೆ ಅರಗನ್ನು ಕರಗಿಸುವುದೇ ಸ್ಪಿರಿಟ್‌ನಲ್ಲಿ ಅಲ್ವಾ? ಒರೆಸಿದ ಕಡೆಯೆಲ್ಲಾ ಗೆರೆ ಕರಗಿ ಮಂಕಾಗಿದೆ. 1930ರಲ್ಲಿ ನಮ್ಮ ಮೈಸೂರಿನಲ್ಲೇ ತೀರಿಕೊಂಡ ಗಾಯಕಿ ಗೌಹರ್ ಜಾನ್ ಅವರ ದನಿ ಇವತ್ತಿಗೂ ಕೇಳಸಿಗುವುದು ಇಂಥ ಪ್ಲೇಟುಗಳಿಂದಲೇ. ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆಯಿರಿ. ಸ್ಪಿರಿಟ್, ಸ್ಯಾನಿಟೈಸರ್ ಹತ್ತಿರ ತರಬೇಡಿ.

ಕ್ಯಾಸೆಟ್ ಕೊಡಲೇಬೇಕಾದರೆ ಮೊದಲು ಒಂದೇ ಒಂದು ಕೊಡಿ, ಅದೂ ಹೋದರೆ ಹೋಗಲಿ ಅನ್ನುವಂಥದ್ದು. ಫೈಲನ್ನು ಹೆಡ್‌ಫೋನ್ ಹಾಕಿ ಪೂರ್ತಿ ಕೇಳಿ. ಏನೂ ಕ್ಲೀನ್ ಮಾಡದ ವೇವ್ ಫೈಲ್ ಬೇಕು ಅಂತ ಬರೆಸಿಕೊಳ್ಳಿ. ಸುಯ್ ಸದ್ದನ್ನು ಆಮೇಲೂ ತೆಗೆಸಬಹುದು, ಹೋದ ಒನಕೆ ಸದ್ದನ್ನು ತರಲಾಗುವುದಿಲ್ಲ. ದನಿ ಮಬ್ಬಾಗಿದ್ದರೆ, ಮೆಷಿನ್ನಿನಲ್ಲಿ ಟೇಪನ್ನು ಓದುವ ಹೆಡ್ ಪಕ್ಕದ ಸ್ಕ್ರೂ ತಿರುಗಿಸಿ ಆ ಕ್ಯಾಸೆಟ್ಟಿಗೆ ಹೊಂದಿಸುತ್ತೀರಾ ಅಂತ ಕೇಳಿ. ಪ್ರಶ್ನೆಯೇ ಅರ್ಥವಾಗದವರ ಹತ್ತಿರ ಬಿಡಬೇಡಿ. ಕ್ಯಾಸೆಟ್ಟಿನ ಮೇಲಂಚಿನ ಎರಡು ಪ್ಲಾಸ್ಟಿಕ್ ಕಿವಿಗಳನ್ನು ಮುರಿದೇ ಕೊಡಿ, ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಳಿಸುವುದಿಲ್ಲ. ಬೂಷ್ಟು ಹಿಡಿದ ವಿಡಿಯೋ ಕ್ಯಾಸೆಟ್ಟನ್ನು ಹಾಗೇ ಓಡಿಸಲು ಬಿಡಬೇಡಿ. ಅದೂ ಹಾಳಾಗುತ್ತದೆ, ಆ ಮೆಷಿನ್‌ಗೆ ಮುಂದೆ ಹಾಕಿದ್ದಕ್ಕೂ ಬೂಷ್ಟು ಹತ್ತುತ್ತದೆ.

ಪೆನ್‌ಡ್ರೈವ್ ತೆಗೆದುಕೊಳ್ಳುವ ದಿನವೇ ಡಬ್ಬವನ್ನೂ ತನ್ನಿ. ಸ್ಕೂಟರ್ ಬೇಡ, ಆಟೋದಲ್ಲಿ ಹೋಗಿ.