ಬಿಸಿಲಿಗೆ ಕೂಲರ್, ಕೂಲರಿಗೆ ನೀರು

2024ರ ಏಪ್ರಿಲ್‌ನಲ್ಲಿ ಅಮ್ಮನಿಗೆಂದು ಚಿತ್ರದುರ್ಗದಲ್ಲೇ 40 ಲೀಟರಿನ ಕೂಲರ್ ಕೊಂಡೆ. ನಮ್ಮ ಕಡೆ ಒಣ ಬಿಸಿಲು ಅಲ್ವಾ, ನೀರು ಬೇಗ ಆವಿಯಾಗಿ ಗಾಳಿಯ ಶಾಖ ಹೀರುತ್ತದೆ. ಆದರೆ ತೇವದ ಗಾಳಿ ಹೊರಹೋಗಲು ಕಿಟಕಿ ತೆರೆದಿರಬೇಕು. ಅಂಗಡಿಯವರು ಮುಚ್ಚಿಡಿ ಅಂದಿದ್ದರು, ಎರಡು ದಿನ ಸುಮ್ನೆ ಸೆಕೆಯಲ್ಲಿ ಬೆಂದೆವು. ಕಿಟಕಿ ತೆರೆದ ಮಧ್ಯಾಹ್ನ ಅಮ್ಮ ನೆಮ್ಮದಿಯಾಗಿ ಮಲಗಿದರು. ನನಗೆ ಅಷ್ಟೇ ಬೇಕಿತ್ತು.

ಆದರೆ ದಿನಕ್ಕೆ ಎರಡು ಕೊಡ ನೀರು ಕುಡಿಯುತ್ತದೆ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾಗಿದ್ದವು. ನಮ್ಮ ಬೋರ್‌ವೆಲ್ಲೂ ಬತ್ತಿತ್ತು. ಟ್ಯಾಂಕರ್ ನೀರನ್ನು ಕೂಲರಿಗೆ ಸುರಿಯುವಾಗ ಪ್ರತಿ ಸಲ ಕೈ ಹಿಂಜರಿಯುತ್ತಿತ್ತು. 2024 ದಾಖಲೆಯಲ್ಲೇ ಅತಿ ಬಿಸಿಯ ವರ್ಷವಾಯಿತು. ಗಡಸು ನೀರಿಗೆ ಕೂಲರಿನೊಳಗೆ ನೀರಲ್ಲಿ ನೆನೆಯುವ ಪ್ಯಾಡ್ ಮೇಲೆ ಬಿಳಿ ಪದರ ಕಟ್ಟುತ್ತದೆ, ಆಗಾಗ ತೊಳೆಯಿರಿ. ಮನೆಯಲ್ಲಿ ವಯಸ್ಸಾದವರಿದ್ದರೆ ಖಂಡಿತ ಕೊಳ್ಳಿ. ನೀರು ಉಳಿಸಲು ನಾವು ಮಧ್ಯಾಹ್ನ ಮೂರು ತಾಸು ಮಾತ್ರ ಹಾಕುತ್ತೇವೆ.