ಪ್ರೀತಿಯ ಪ್ರಶ್ನೆಗೆ ಯಾವ ಟ್ಯಾರೋ ಡೆಕ್? ನಾನು ಹೇಳೋದು ರೈಡರ್-ವೇಟ್

ಟ್ಯಾರೋ ಅಂದರೆ ಚಿತ್ರ ನೋಡಿ ಪ್ರಶ್ನೆಗೆ ಅರ್ಥ ಹೇಳುವ ಕಾರ್ಡು, ಡೆಕ್ ಅಂದರೆ ಅದರ ಕಟ್ಟು. ಪ್ರೀತಿ, ಮದುವೆ, ಮುನಿಸು ಇಂಥದ್ದಕ್ಕೆ ಕಾರ್ಡ್ ತೆಗೆಯಬೇಕು ಅಂತಿದ್ದರೆ ಸುಮ್ನೆ ಗುಲಾಬಿ ಬಣ್ಣದ ಲವ್ ಡೆಕ್ ಹುಡುಕಬೇಡಿ. ರೈಡರ್-ವೇಟ್ ಡೆಕ್ಕನ್ನೇ ತಗೊಳ್ಳಿ. 1909ರಲ್ಲಿ ಬಂದದ್ದು, ಚಿತ್ರಗಳು ಪಮೇಲಾ ಕೋಲ್ಮನ್ ಸ್ಮಿತ್ ಅವರದ್ದು. ಒಟ್ಟು 78 ಕಾರ್ಡು, ಅದರಲ್ಲಿ ಕಪ್ಸ್ ಅನ್ನೋ ಬಟ್ಟಲಿನ ಗುಂಪಿನ 14 ಕಾರ್ಡು ಮನಸ್ಸಿನ ವಿಷಯಕ್ಕೇ ಮೀಸಲು.

ಟೂ ಆಫ್ ಕಪ್ಸ್ ನೋಡಿ. ಹುಡುಗ, ಹುಡುಗಿ ಎದುರುಬದುರು ನಿಂತು ಬಟ್ಟಲು ಹಿಡಿದಿದ್ದಾರೆ, ಹುಡುಗನ ಇನ್ನೊಂದು ಕೈ ಅವಳ ಕಡೆ ಚಾಚಿದೆ, ಮೇಲೆ ರೆಕ್ಕೆಯಿರುವ ಸಿಂಹದ ತಲೆ. ಥ್ರೀ ಆಫ್ ಸ್ವೋರ್ಡ್ಸ್‌ನಲ್ಲಿ ಕೆಂಪು ಹೃದಯಕ್ಕೆ ಮೂರು ಕತ್ತಿ, ಹಿಂದೆ ಸುರಿಯುವ ಮಳೆ. ಶಿರಸಿಯಲ್ಲಿ ಗೆಳತಿಯ ಮುಂದೆ ಈ ಕಾರ್ಡ್ ಇಟ್ಟಾಗ ನಾನು ಬಾಯಿ ಬಿಡುವ ಮೊದಲೇ ಅವಳು ತನ್ನ ಕಥೆಯೆಲ್ಲ ಹೇಳಲು ಶುರು ಮಾಡಿದಳು. ಚಿತ್ರಕ್ಕೆ ಆ ಶಕ್ತಿ ಇದೆ. ಹಳೆಯ ಮಾರ್ಸೇಲ್ ಡೆಕ್‌ನಲ್ಲಿ ಎರಡು ಕಪ್ ಅಂದರೆ ಎರಡು ಕಪ್ ಅಷ್ಟೇ, ಹೊಸಬರಿಗೆ ಕಷ್ಟ ಅಲ್ವಾ?

ಕೊರತೆಯೂ ಇದೆ. ಲವರ್ಸ್ ಕಾರ್ಡ್‌ನಲ್ಲಿರುವುದು ಆದಾಮ, ಹವ್ವ. ಇಬ್ಬರು ಹುಡುಗಿಯರ ಅಥವಾ ಇಬ್ಬರು ಹುಡುಗರ ಪ್ರೀತಿಗೆ ಕಾರ್ಡ್ ತೆಗೆಯುವವರಿಗೆ ಈ ಚಿತ್ರ ಹೊಂದುವುದಿಲ್ಲ, ಅಂಥವರು ಹೊಸ ಚಿತ್ರಗಳ ಡೆಕ್ ನೋಡುವುದೇ ಒಳ್ಳೆಯದು.

ನಕಲು ಮುದ್ರಣ ಮಾತ್ರ ಬೇಡ, ಬಣ್ಣ ಮಸುಕು, ಮುಖ ಕಾಣುವುದಿಲ್ಲ. ಕಾರವಾರ, ಕುಮಟಾ ಕಡೆಯವರು ಮಳೆಗಾಲಕ್ಕೆ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಇಲ್ಲದಿದ್ದರೆ ತೇವಕ್ಕೆ ಕಾರ್ಡು ಬಾಗಿ, ಕಲಸಲು ಬರುವುದಿಲ್ಲ.