ಮುಂಬಯಿಯ ಕನ್ನಡ ತರಗತಿಗೆ ಗೂಗಲ್ ಡಾಕ್ಸ್ ಎಷ್ಟು ಒಗ್ಗುತ್ತದೆ?

ಈರುಳ್ಳಿಗೆ ಮನೆಯಲ್ಲಿ ಏನಂತೀರಿ ಎಂದು ಮುಂಬಯಿಯ ಕನ್ನಡ ತರಗತಿಯಲ್ಲಿ ಕೇಳಿ ನೋಡಿ. ವಿಜಯಪುರದ ಕಡೆಯವನು ಉಳ್ಳಾಗಡ್ಡಿ ಅಂತಾನೆ, ಮಂಗಳೂರಿನ ಕಡೆಯವಳು ನೀರುಳ್ಳಿ ಅಂತಾಳೆ, ಅಂಗಡಿಗೆ ಹೋದರೆ ಇಬ್ಬರಿಗೂ ಅದು ಕಾಂದಾ. ಹಲಗೆಯ ಮೇಲೆ ಬರೆದರೆ ಮುಂದಿನ ಪಿರಿಯಡ್ಡಿಗೆ ಅಳಿಸಿಹೋಗುವ ಇಂಥ ಪದಗಳನ್ನು ಮಕ್ಕಳೇ ಕೂಡಿ ಪಟ್ಟಿ ಮಾಡಲು, ಒಂದೇ ಫೈಲಿನಲ್ಲಿ ಹಲವರು ಒಟ್ಟಿಗೆ ಬರೆಯಬಲ್ಲ ಗೂಗಲ್ ಡಾಕ್ಸ್ ಒಳ್ಳೆಯ ಸಾಧನ. ಆದರೆ ಸುಮ್ಮನೆ ಲಿಂಕ್ ಹಂಚಿ ಕೂತರೆ ಹತ್ತೇ ನಿಮಿಷದಲ್ಲಿ ಸಂತೆಯಾಗುತ್ತದೆ.

ಒಂದು ಫೈಲನ್ನು ಏಕಕಾಲಕ್ಕೆ 100 ಜನ ತಿದ್ದಬಹುದು. ತರಗತಿಗೆ ಆ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ. ನಲವತ್ತು ಮಕ್ಕಳನ್ನು ಒಂದೇ ಪುಟಕ್ಕೆ ಬಿಟ್ಟರೆ ಮೇಲಿನವರು ಸಾಲು ಸೇರಿಸಿದ ಹಾಗೆಲ್ಲ ಕೆಳಗಿನದು ಜಾರುತ್ತದೆ. ಫೋನಿನ ಪುಟ್ಟ ಪರದೆಯಲ್ಲಿ ತಾನು ಬರೆಯುತ್ತಿದ್ದ ಜಾಗವೇ ಮಗುವಿಗೆ ಸಿಗುವುದಿಲ್ಲ. ನಾಲ್ವರಿಗೆ ಒಂದು ಫೈಲು ಸಾಕು. ಒಳಗೆ ಮೊದಲೇ ಟೇಬಲ್ ಹಾಕಿಡಿ: ಹೆಸರು, ಪಾಠದ ಪದ, ಮನೆಯ ಮಾತು, ಮರಾಠಿ, ಒಂದು ವಾಕ್ಯ. ತಲೆಗೆ ಐದು ಸಾಲು. ಮಾದರಿಯ ಪ್ರತಿಗಳನ್ನು ಶಿಕ್ಷಕರೇ ಮಾಡಿ ಗುಂಪಿಗೆ ಎಡಿಟರ್ ಅನುಮತಿ, ಅಂದರೆ ತಿದ್ದುವ ಹಕ್ಕು, ಕೊಡಬೇಕು. ಪ್ರತಿ ಮಾಡಿಕೊಳ್ಳಿ ಎಂದು ಮಕ್ಕಳಿಗೆ ಬಿಟ್ಟರೆ ಫೈಲಿನ ಒಡೆತನ ಹುಡುಗನ ಪಾಲಾಗಿ, ಶಿಕ್ಷಕರೇ ಹೊರಗೆ ನಿಂತು ಅನುಮತಿ ಬೇಡಬೇಕಾಗುತ್ತದೆ.

ನಿಜವಾದ ಪೇಚು ಅಳಿಸುವುದರಲ್ಲಿದೆ. ಕಂಟ್ರೋಲ್-ಝಡ್ ಒತ್ತಿದರೆ ಒತ್ತಿದವರು ಮಾಡಿದ ಬದಲಾವಣೆ ಮಾತ್ರ ಹಿಂದಕ್ಕೆ ಬರುತ್ತದೆ. ಪಕ್ಕದವನು ಅಳಿಸಿದ್ದು ಬರುವುದಿಲ್ಲ. ಆಗ ಫೈಲ್ ಮೆನುವಿನ ವರ್ಷನ್ ಹಿಸ್ಟರಿ ತೆರೆಯಬೇಕು. ಅಲ್ಲಿ ಯಾರು, ಯಾವಾಗ, ಏನು ತಿದ್ದಿದರು ಎಂಬುದು ಬಣ್ಣಬಣ್ಣವಾಗಿ ಕಾಣುತ್ತದೆ. ಗಾಬರಿಯಲ್ಲಿ ರಿಸ್ಟೋರ್ ಒತ್ತಬೇಡಿ. ಒತ್ತಿದರೆ ಇಡೀ ಫೈಲು ಹಳೆಯ ಹೊತ್ತಿಗೆ ಮರಳಿ, ಉಳಿದ ಮೂವರು ಆಮೇಲೆ ಬರೆದದ್ದೂ ಪುಟದಿಂದ ಹೋಗುತ್ತದೆ. ಹಳೆಯ ಆವೃತ್ತಿಯಿಂದ ಕಳೆದುಹೋದ ಸಾಲುಗಳನ್ನಷ್ಟೇ ಕಾಪಿ ಮಾಡಿ ಈಗಿನದರಲ್ಲಿ ಅಂಟಿಸಿ. ಗುಂಪಿನ ಕೆಲಸಕ್ಕೆ ಅಂಕ ಕೊಡುವಾಗಲೂ ಈ ಹಿಸ್ಟರಿಯೇ ಆಧಾರ: ನಾಲ್ವರ ಹೆಸರಿದ್ದು ಒಬ್ಬಳೇ ದುಡಿದಿದ್ದರೆ ಮುಚ್ಚಿಡಲು ಬರುವುದಿಲ್ಲ. ಒಂದೇ ಷರತ್ತು, ಎಲ್ಲರೂ ಲಾಗಿನ್ ಆಗಿರಬೇಕು. ಲಿಂಕ್ ಇದ್ದವರೆಲ್ಲ ತಿದ್ದಬಹುದು ಎಂದು ಬಿಟ್ಟಲ್ಲಿ, ಖಾತೆಯಿಲ್ಲದೆ ಕಂಪ್ಯೂಟರಿನಿಂದ ಬಂದವರು ಅನಾಮಧೇಯ ಪ್ರಾಣಿಗಳಾಗಿ ಕಾಣುತ್ತಾರೆ. ಮಕ್ಕಳಿಗೆ ಅದು ಭಾರಿ ಮಜಾ, ಅಂಕ ಕೊಡುವವರಿಗೆ ತಲೆನೋವು. 13 ತುಂಬದ ಮಕ್ಕಳು ತಾವಾಗಿ ಗೂಗಲ್ ಖಾತೆ ತೆರೆಯುವಂತಿಲ್ಲ. ಹಾಗಾಗಿ ಕಿರಿಯ ತರಗತಿಗಳಿಗೆ ಶಾಲೆಯ ಖಾತೆಯೇ ದಾರಿ. ಅರ್ಹ ಶಾಲೆಗಳಿಗೆ ಇಂಥ ಖಾತೆ ಕೊಡುವ ಗೂಗಲ್ ವರ್ಕ್‌ಸ್ಪೇಸ್‌ನ ಫಂಡಮೆಂಟಲ್ಸ್ ಆವೃತ್ತಿ ಉಚಿತ.

ಕನ್ನಡ ಮೂಡುವುದರಲ್ಲಿ ದೂರಿಲ್ಲ. ಎಡವುವುದು ಹಳೆಯ ಸಾಮಗ್ರಿ ತಂದಾಗ. ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟಿನಲ್ಲಿ (ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ರೂಪ ಕೂರಿಸಿದ ಫಾಂಟು) ಟೈಪ್ ಮಾಡಿದ ಪ್ರಶ್ನೆಪತ್ರಿಕೆಯನ್ನು ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಫಾಂಟ್ ಬದಲಿಸಿ ಪ್ರಯೋಜನವಿಲ್ಲ, ಮೊದಲು ಎಲ್ಲ ಸಾಧನಗಳೂ ಓದಬಲ್ಲ ಸಂಕೇತವಾದ ಯೂನಿಕೋಡಿಗೆ ಪರಿವರ್ತಿಸಿಯೇ ತರಬೇಕು. ಮಕ್ಕಳಿಗೆ ಹೇಳಿಕೊಡಬೇಕಾದ ಇನ್ನೊಂದು ಮಾತು: ‘ಪುಸ್ತ’ ಎಂದು ಬರೆದು ಬ್ಯಾಕ್‌ಸ್ಪೇಸ್ ಒಮ್ಮೆ ಒತ್ತಿದರೆ ಒತ್ತು ಮಾತ್ರ ಹೋಗಿ ‘ಪುಸ್’ ಉಳಿಯುತ್ತದೆ. ಅಕ್ಷರ ಕೆಟ್ಟಿತೆಂದು ಅವರು ಪದವನ್ನೇ ಅಳಿಸಿ ಕೂರುತ್ತಾರೆ; ಅಲ್ಲಿಂದಲೇ ಮುಂದುವರಿಸಿದರಾಯಿತು. ಫೋನಿನ ಜಿಬೋರ್ಡಿನಲ್ಲಿ (ಗೂಗಲ್ ಕೀಲಿಮಣೆ) ಬೆರಳಿನಿಂದ ಕನ್ನಡ ಬರೆಯುವ ಸೌಲಭ್ಯವಿದೆ, ಕೀಲಿಮಣೆ ಗೊತ್ತಿಲ್ಲದವರಿಗೆ ಅದೇ ಸಲೀಸು. ಕ್ರೋಮ್‌ನಲ್ಲಿ ವಾಯ್ಸ್ ಟೈಪಿಂಗ್ ಕನ್ನಡಕ್ಕೂ ಇದೆ, ಆದರೆ ಗದ್ದಲದ ತರಗತಿಯಲ್ಲಿ ಅದು ಯಾರ ಮಾತು ಹಿಡಿಯುತ್ತದೋ ದೇವರೇ ಬಲ್ಲ.

ಬರೆಯುವ ಬದಲು ಫೋಟೋ, ಧ್ವನಿ, ಚಿಕ್ಕ ಉತ್ತರಗಳನ್ನು ಒಂದೆಡೆ ಕೂಡಿಸುವುದಿದ್ದರೆ ಡಾಕ್ಸ್‌ಗಿಂತ ಪ್ಯಾಡ್ಲೆಟ್ ಮೇಲು; ಒಂದೇ ಬೋರ್ಡಿನ ಮೇಲೆ ಎಲ್ಲರೂ ಚೀಟಿ ಅಂಟಿಸುವ ಜಾಲತಾಣ ಅದು. ಮಕ್ಕಳಿಗೆ ಖಾತೆ ಬೇಕಿಲ್ಲ, ಒಬ್ಬರ ಚೀಟಿಯ ಮೇಲೆ ಇನ್ನೊಬ್ಬರು ಗೀಚುವ ಭಯವೂ ಕಡಿಮೆ. ಲಿಂಕ್ ಕೊಡುವ ಮುಂಚೆ ಪೋಸ್ಟ್‌ಗಳಿಗೆ ಶಿಕ್ಷಕರ ಒಪ್ಪಿಗೆ ಬೇಕೆಂಬ ಸೆಟ್ಟಿಂಗ್ ಹಾಕುವುದನ್ನು ಮರೆಯಬಾರದು. ಉಚಿತ ಖಾತೆಯಲ್ಲಿ ಬೋರ್ಡುಗಳ ಸಂಖ್ಯೆಗೆ ಮಿತಿಯಿದೆ, ಹಳೆಯದನ್ನು ಪಿಡಿಎಫ್ ಮಾಡಿಟ್ಟು ಅಳಿಸುತ್ತಿರಬೇಕು. ಹಳೆಯ ತರಬೇತಿ ಟಿಪ್ಪಣಿಗಳಲ್ಲಿ ಸಿಗುವ ಡಿಜಿಟಲ್ ಹಲಗೆ ಜಾಮ್‌ಬೋರ್ಡನ್ನು ಹುಡುಕಬೇಡಿ, ಗೂಗಲ್ ಅದನ್ನು 2024ರ ಡಿಸೆಂಬರ್ 31ಕ್ಕೆ ಮುಚ್ಚಿತು.

ಶಾಲೆಯಲ್ಲಿ ವೈಫೈ ಇಲ್ಲವೆಂದು ಶಿಕ್ಷಕರ ಫೋನಿನ ಹಾಟ್‌ಸ್ಪಾಟ್ ನೆಚ್ಚಿದರೆ ಸಾಮಾನ್ಯವಾಗಿ ಎಂಟು-ಹತ್ತು ಸಾಧನಗಳಿಗೆ ಅದು ಕೈಯೆತ್ತುತ್ತದೆ. ಗುಂಪಿಗೊಂದೇ ಫೋನು, ಐದು ನಿಮಿಷಕ್ಕೊಮ್ಮೆ ಕೈ ಬದಲಾವಣೆ ಎಂದಿಟ್ಟುಕೊಂಡರೆ ನಲವತ್ತು ಮಕ್ಕಳಿಗೆ ಹತ್ತು ಫೋನು ಸಾಕು. ಆದರೆ ಆಗ ಹಿಸ್ಟರಿಯಲ್ಲಿ ಒಬ್ಬರ ಹೆಸರೇ ಬರುತ್ತದೆ. ಟೇಬಲ್ಲಿನ ಮೊದಲ ಕಾಲಮ್ಮಿನಲ್ಲಿ ಹೆಸರು ಕೇಳಿದ್ದು ಅದಕ್ಕೇ.